ಸೈಟ್ ತಗೊಳ್ಳೋಕೆ ಮುಂಚೆ ಪೇಪರ್ ಓದೋದು ಕಲಿಯೋಣ

ನಮ್ಮಲ್ಲಿ ಯಾರ ಮನೆಗೆ ಹೋದ್ರೂ ಒಂದು ಮಾತು ಕಾಮನ್. ಕೈಯಲ್ಲಿ ಸ್ವಲ್ಪ ದುಡ್ಡು ಸೇರಿತು ಅಂದ್ರೆ "ಒಂದು ಸೈಟ್ ಮಾಡ್ಕೊಂಡುಬಿಡೋಣ" ಅಂತಾರೆ. ಅಪ್ಪನ ರಿಟೈರ್‌ಮೆಂಟ್ ದುಡ್ಡು, ಅಮ್ಮನ ಚೀಟಿ ದುಡ್ಡು, ಊರಲ್ಲಿ ಜಮೀನು ಭಾಗ ಆಗಿ ಬಂದ ದುಡ್ಡು, ಎಲ್ಲಾ ಸೇರಿ ಒಂದು 30x40 ಆಗುತ್ತೆ. ನಮ್ಮ ಸೀನಿಯರ್‌ಗಳಿಗೂ ಪ್ಲೇಸ್‌ಮೆಂಟ್ ಆಗಿ ಎರಡು ವರ್ಷದೊಳಗೆ ಇದೇ ಯೋಚನೆ ಶುರುವಾಗುತ್ತೆ.

ಯಾವ ಏರಿಯಾದಲ್ಲಿ ರೇಟ್ ಏರುತ್ತೆ ಅಂತ ಹೇಳೋ ರೀಲ್ಸ್ ಬೇಕಾದಷ್ಟಿವೆ. ನಾವು ಅದನ್ನ ಹೇಳಲ್ಲ, ಅದು ನಿಜವಾಗಿ ಯಾರಿಗೂ ಗೊತ್ತಿರೋದಿಲ್ಲ. ನಾವು ಹೇಳೋಕೆ ಹೊರಟಿರೋದು ಇಷ್ಟೇ: ಸೈಟಿನಲ್ಲಿ ದುಡ್ಡು ಕಳ್ಕೊಳ್ಳೋರು ಹೆಚ್ಚಾಗಿ ರೇಟ್ ಇಳಿದು ಕಳ್ಕೊಳ್ಳಲ್ಲ, ಪೇಪರ್ ಸರಿ ಇಲ್ಲದೆ ಕಳ್ಕೊಳ್ತಾರೆ. ಪೇಪರ್ ಓದೋದನ್ನ ಕಲಿಯೋಕೆ ದುಡ್ಡು ಬೇಡ. ಮನೆಯಲ್ಲಿ "ಇದನ್ನ ಆನ್‌ಲೈನಲ್ಲಿ ಸ್ವಲ್ಪ ನೋಡಪ್ಪ" ಅಂತ ಫೋನ್ ಕೊಡೋದು ನಮ್ಮ ಕೈಗೇ ತಾನೆ? ಹಾಗಾಗಿ ಈ ಪಾಠ ನಮಗೆ ಈಗಲೇ ಬೇಕು.

ಮೊದಲು ಸ್ವಲ್ಪ ಲೆಕ್ಕ

"ನಮ್ಮ ದೊಡ್ಡಪ್ಪ 10 ಲಕ್ಷಕ್ಕೆ ತಗೊಂಡಿದ್ದು, 15 ವರ್ಷಕ್ಕೆ 40 ಲಕ್ಷ ಆಯ್ತು" ಅನ್ನೋ ತರದ ಕಥೆ ಎಲ್ಲರೂ ಕೇಳಿರ್ತೀವಿ. ಇದಕ್ಕೆ 72ರ ಸೂತ್ರ ಹಾಕಿ ನೋಡೋಣ. ನಾಲ್ಕು ಪಟ್ಟು ಅಂದ್ರೆ ಎರಡು ಸಲ ಡಬಲ್. 15 ವರ್ಷದಲ್ಲಿ ಎರಡು ಸಲ ಅಂದ್ರೆ ಒಂದೊಂದು ಡಬಲ್‌ಗೂ ಏಳೂವರೆ ವರ್ಷ. 72ನ್ನ 7.5ರಿಂದ ಭಾಗಿಸಿದ್ರೆ 9.6. ಅಂದ್ರೆ ವರ್ಷಕ್ಕೆ ಶೇ. 9.6ರ ಹತ್ತಿರ ಬೆಳೆದಿದೆ. ಒಳ್ಳೆ ಬೆಳವಣಿಗೆಯೇ, ಆದ್ರೆ "ನಾಲ್ಕು ಪಟ್ಟು" ಅಂತ ಕೇಳಿದಾಗ ಕಣ್ಣು ಅರಳಿದಷ್ಟೇನೂ ಇಲ್ಲ. ಆ 15 ವರ್ಷ ಖಾಲಿ ಸೈಟಿನಿಂದ ಒಂದು ರೂಪಾಯಿ ಬಾಡಿಗೆ ಬಂದಿರಲ್ಲ. ಕಂದಾಯ ಕಟ್ಟಿ, ಗಿಡ ಕಡಿಸಿ, ಬೇಲಿ ಹಾಕಿಸಿದ ಖರ್ಚು ಬೇರೆ.

ಇನ್ನೊಂದು ಖರ್ಚು ಹೊಸಬರಿಗೆ ಕಾಣೋದೇ ಇಲ್ಲ. ಕರ್ನಾಟಕದಲ್ಲಿ ಸೈಟಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ ಮುಂಚೆ ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಎಲ್ಲಾ ಸೇರಿಸಿದ್ರೆ ಸುಮಾರು ಶೇ. 7.6. 30 ಲಕ್ಷದ ಸೈಟಿಗೆ ಇದೇ 2 ಲಕ್ಷ 28 ಸಾವಿರ. ಬ್ರೋಕರ್ ಕಮಿಷನ್, ವಕೀಲರ ಫೀಸು ಇದರಲ್ಲಿ ಸೇರಿಲ್ಲ. ಮುಂದಿನ ವರ್ಷ ರೇಟ್ ಶೇ. 5 ಏರಿತು ಅಂತ ಮಾರಿದ್ರೂ ನಮಗೆ ನಷ್ಟವೇ.

ಅದಕ್ಕೇ ಹೊಸಬರಿಗೆ ಮೊದಲ ನಿಯಮ: ಕನಿಷ್ಠ ಏಳೆಂಟು ವರ್ಷ ಬೇಡದ ದುಡ್ಡು ಇದ್ರೆ ಮಾತ್ರ ಜಾಗಕ್ಕೆ ಹಾಕಿ. ತಂಗಿಯ ಫೀಸ್ ಕಟ್ಟಬೇಕಾದಾಗ ಸೈಟಿನ ಒಂದು ಮೂಲೆಯನ್ನ ಮಾತ್ರ ಮಾರೋಕಾಗಲ್ಲ.

ಪಕ್ಕದ ಲೇಔಟ್‌ಗಿಂತ ಅರ್ಧ ರೇಟು, ಯಾಕೆ?

ಊರಾಚೆ ಹೋದ್ರೆ ಕಲ್ಲು ನೆಟ್ಟು, ಕೆಂಪು ಮಣ್ಣಿನ ರಸ್ತೆ ಮಾಡಿ, ಬಣ್ಣಬಣ್ಣದ ಬಾವುಟ ಕಟ್ಟಿರೋ ಜಾಗಗಳು ಕಾಣ್ತವೆ. ಕೆಲವು ಅನುಮೋದನೆ ಪಡೆದ ಲೇಔಟ್. ಇನ್ನು ಕೆಲವು "ರೆವಿನ್ಯೂ ಸೈಟ್". ಅಂದ್ರೆ ದಾಖಲೆಯಲ್ಲಿ ಅದು ಇನ್ನೂ ಹೊಲ, ನೆಲದ ಮೇಲೆ ಮಾತ್ರ ಸೈಟು.

ಒಂದು ಎಕರೆ ಅಂದ್ರೆ 40 ಗುಂಟೆ, ಒಂದು ಗುಂಟೆ ಅಂದ್ರೆ 1089 ಚದರಡಿ. ಸರಿಯಾದ ಲೇಔಟ್ ಮಾಡೋರು ಎಕರೆಯ 43,560 ಚದರಡಿಯನ್ನೂ ಮಾರೋಕಾಗಲ್ಲ. ರಸ್ತೆಗೆ, ಪಾರ್ಕಿಗೆ, ಸಾರ್ವಜನಿಕ ಉಪಯೋಗಕ್ಕೆ ಅಂತ ದೊಡ್ಡ ಭಾಗ ಬಿಡಬೇಕು. ಚರಂಡಿ, ನೀರು, ಕರೆಂಟು ಹಾಕಿಸಬೇಕು. ರೆವಿನ್ಯೂ ಸೈಟ್ ಮಾರೋರು ಇದ್ಯಾವುದೂ ಮಾಡದೆ ಗುಂಟೆ ಲೆಕ್ಕದಲ್ಲಿ ಕತ್ತರಿಸಿ ಕೊಡ್ತಾರೆ. ರೇಟ್ ಕಡಿಮೆ ಇರೋದು ಅದಕ್ಕೆ. ನಾಳೆ ಮನೆ ಕಟ್ಟೋಕೆ ಪ್ಲಾನ್ ಸ್ಯಾಂಕ್ಷನ್ ಸಿಗಲ್ಲ, ಬ್ಯಾಂಕ್ ಸಾಲಕ್ಕೆ ಒದ್ದಾಡಬೇಕು, ಮಾರೋಕೆ ಹೋದ್ರೆ ತಗೊಳ್ಳೋರು ಹಿಂದೆಮುಂದೆ ನೋಡ್ತಾರೆ. ಇವತ್ತು ಉಳಿಸಿದ ದುಡ್ಡು ಆಮೇಲೆ ಆಫೀಸಿನಿಂದ ಆಫೀಸಿಗೆ ಓಡಾಡೋಕೇ ಹೋಗುತ್ತೆ.

ನೋಡಲೇಬೇಕಾದ ಐದು ಪೇಪರ್

*1. ಮೂಲಪತ್ರ ಮತ್ತು ಅದರ ಸರಪಳಿ.* ಈಗ ಮಾರ್ತಿರೋರಿಗೆ ಈ ಜಾಗ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಅಂತ ಹಿಂದಕ್ಕೆ ಹೋಗಬೇಕು. ಲಿಂಕ್ಡ್ ಲಿಸ್ಟ್ ಓದಿದೀವಲ್ಲ, ಇದೂ ಹಾಗೇ. ನಡುವೆ ಒಂದು ನೋಡ್ ಕಾಣೆಯಾದ್ರೆ ಹಿಂದಿನದಕ್ಕೂ ಮುಂದಿನದಕ್ಕೂ ಸಂಬಂಧ ಇಲ್ಲ. ವಕೀಲರು ಸಾಮಾನ್ಯವಾಗಿ ಕನಿಷ್ಠ 30 ವರ್ಷದ ಸರಪಳಿ ಕೇಳ್ತಾರೆ.

*2. ಇಸಿ, ಅಂದ್ರೆ ಋಣಭಾರ ಪತ್ರ.* ಆ ಆಸ್ತಿಯ ಮೇಲೆ ನೋಂದಣಿ ಆಗಿರೋ ಕ್ರಯ, ಅಡಮಾನ, ದಾನಪತ್ರ, ವಿಭಾಗಪತ್ರ ಎಲ್ಲಾ ಇದರಲ್ಲಿ ಬರುತ್ತೆ. ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತೆ. 2004ರ ಏಪ್ರಿಲ್‌ನಿಂದ ಈಚೆಗಿನದ್ದು ಆನ್‌ಲೈನ್, ಅದಕ್ಕೂ ಹಿಂದಿನದ್ದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕು. ವ್ಯವಹಾರ ಇದ್ರೆ ನಮೂನೆ 15, ಏನೂ ಇಲ್ಲದಿದ್ರೆ ನಮೂನೆ 16. ಗಮನಿಸಿ: ನಮೂನೆ 16 ಬಂತು ಅಂದ ಕೂಡಲೇ ಜಾಗ ಕ್ಲೀನ್ ಅಂತ ಅಲ್ಲ. ನೋಂದಣಿ ಆಗದ ಅಗ್ರಿಮೆಂಟು, ಕೋರ್ಟಲ್ಲಿರೋ ಕೇಸು ಇಸಿಯಲ್ಲಿ ಕಾಣದೇ ಇರಬಹುದು. ಸರ್ವೆ ನಂಬರ್ ತಪ್ಪಾಗಿ ಕೊಟ್ಟು ಹುಡುಕಿದ್ರೂ "ಏನೂ ಇಲ್ಲ" ಅಂತಾನೇ ಬರುತ್ತೆ.

*3. ಪಹಣಿ.* ನಮ್ಮ ಅಜ್ಜಂದಿರಿಗೆ ಪಹಣಿ, ಆಫೀಸಿನವರಿಗೆ ಆರ್‌ಟಿಸಿ. ಭೂಮಿ ಪೋರ್ಟಲ್‌ನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ರೆ ತೆರೆದುಕೊಳ್ಳುತ್ತೆ. ಕಾಲಂ 9ರಲ್ಲಿ ಮಾಲೀಕರ ಹೆಸರು, ವಿಸ್ತೀರ್ಣ. ಕಾಲಂ 11ರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು. ಬೆಳೆ ಸಾಲ ಬಾಕಿ ಇದ್ರೆ, ಕೋರ್ಟಿನ ತಡೆ ಇದ್ರೆ ಅಲ್ಲಿ ಬರೆದಿರ್ತಾರೆ. ಎಲ್ಲರೂ 9 ನೋಡ್ತಾರೆ, 11 ಬಿಡ್ತಾರೆ. ನೀವು 11ನ್ನೇ ಮೊದಲು ನೋಡಿ.

*4. ಭೂ ಪರಿವರ್ತನೆ ಆದೇಶ ಮತ್ತು ಲೇಔಟ್ ಪ್ಲಾನ್.* ಹೊಲವನ್ನ ವಾಸಕ್ಕೆ ಬಳಸೋಕೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಸೆಕ್ಷನ್ 95ರ ಪ್ರಕಾರ ಅನುಮತಿ ಬೇಕು. ಇದನ್ನೇ ಜನ ಡಿಸಿ ಕನ್ವರ್ಶನ್ ಅಂತಾರೆ. ಆದ್ರೆ ಕನ್ವರ್ಶನ್ ಒಂದೇ ಸಾಲದು. ಲೇಔಟ್‌ಗೆ ಆ ಭಾಗದ ಯೋಜನಾ ಪ್ರಾಧಿಕಾರದ ಅನುಮೋದನೆಯೂ ಬೇಕು. "ಕನ್ವರ್ಶನ್ ಆಗಿದೆ ಸಾರ್" ಅಂತ ಒಂದನ್ನೇ ತೋರಿಸಿ ಎರಡನೆಯದನ್ನ ಮರೆಸೋದು ಹಳೇ ಟ್ರಿಕ್. ಹಾಗೇ 500 ಚದರ ಮೀಟರ್‌ಗಿಂತ ದೊಡ್ಡ ಪ್ರಾಜೆಕ್ಟ್ ಆದ್ರೆ ರೆರಾ ನೋಂದಣಿ ಕಡ್ಡಾಯ. 500 ಚದರ ಮೀಟರ್ ಅಂದ್ರೆ ಸುಮಾರು 5,382 ಚದರಡಿ, ಐದು 30x40 ಸೈಟೂ ಆಗಲ್ಲ. ಹಾಗಾಗಿ ಎಕರೆಗಟ್ಟಲೆ ಲೇಔಟ್ ಮಾಡಿ ಸೈಟ್ ಮಾರ್ತಾ "ನಮಗೆ ರೆರಾ ಬರಲ್ಲ" ಅಂದ್ರೆ ಬಾವುಟ ನೋಡ್ಕೊಂಡು ವಾಪಸ್ ಬನ್ನಿ. ಬ್ರೋಷರ್‌ನಲ್ಲಿರೋ ರೆರಾ ನಂಬರನ್ನ ಕರ್ನಾಟಕ ರೆರಾ ವೆಬ್‌ಸೈಟ್‌ನಲ್ಲಿ ಹಾಕಿ, ಅದು ಅದೇ ಪ್ರಾಜೆಕ್ಟಿನದ್ದಾ ಅಂತ ನೋಡಿ.

*5. ಖಾತೆ.* ಇದರ ಬಗ್ಗೆ ಇರೋಷ್ಟು ಗೊಂದಲ ಬೇರೆ ಯಾವುದರ ಬಗ್ಗೆಯೂ ಇಲ್ಲ. ಖಾತೆ ಅಂದ್ರೆ ತೆರಿಗೆ ಕಟ್ಟೋಕೆ ಇರೋ ಲೆಕ್ಕದ ದಾಖಲೆ. ಖಾತೆ ಇದ್ರೆ ಮಾಲೀಕತ್ವ ಸಾಬೀತು ಆಗಲ್ಲ, ಮಾಲೀಕತ್ವ ಬರೋದು ನೋಂದಣಿ ಆದ ಪತ್ರದಿಂದ. ಬೆಂಗಳೂರಿನಲ್ಲಿ ನಿಯಮ ಪಾಲಿಸದ ಆಸ್ತಿಗಳನ್ನ ಬೇರೆ ರಿಜಿಸ್ಟರ್‌ನಲ್ಲಿ ಬರೆದು ತೆರಿಗೆ ತಗೊಳ್ತಿದ್ರು, ಅದೇ ಬಿ ಖಾತೆ. ಗ್ರಾಮ ಪಂಚಾಯಿತಿ ವ್ಯಾಪ್ತಿ ಆದ್ರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿದ್ರೆ ಬೆಂಗಳೂರಿನ ಬಿ ಖಾತೆಯ ಹಾಗೇ ಯೋಚನೆ ಮಾಡಬೇಕಾದ ವಿಷಯ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿಯೇ ಆಗಲ್ಲ, ಆದ್ರಿಂದ ಅಡ್ವಾನ್ಸ್‌ಗೂ ಮುಂಚೆ ಅದರ ಪ್ರತಿ ತಗೊಳ್ಳಿ.

ಪೇಪರ್ ಎಲ್ಲಾ ಸರಿ ಇದೆ, ಆದ್ರೂ...

ಮೂರು ವಿಷಯ ಮೇಲಿನ ಐದರಲ್ಲಿ ಸುಲಭಕ್ಕೆ ಸಿಗಲ್ಲ.

ಒಂದು, ಮಂಜೂರಾದ ಜಮೀನು. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಯಾರೂ ಕೊಳ್ಳೋ ಹಾಗಿಲ್ಲ ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತೆ. ಕೊಂಡ್ರೆ ಆ ಕ್ರಯವೇ ಅಸಿಂಧು. ಎಷ್ಟು ವರ್ಷ ಆದ್ಮೇಲೂ ಜಮೀನು ವಾಪಸ್ ಕೇಳಬಹುದು ಅಂತ 2023ರಲ್ಲಿ ತಿದ್ದುಪಡಿ ಕೂಡ ಆಗಿದೆ. ಇದು ಬಡವರ ಭೂಮಿ ಉಳಿಸೋಕೆ ಬಂದ ಕಾನೂನು, ಸರಿಯಾದದ್ದೇ. ನಾವು ಮಾಡಬೇಕಾದ್ದು ಹಳೇ ಮ್ಯುಟೇಶನ್ ಮತ್ತು ಸಾಗುವಳಿ ಚೀಟಿ ತೆಗೆಸಿ, ಜಮೀನು ಮೂಲದಲ್ಲಿ ಮಂಜೂರಾದದ್ದಾ ಅಂತ ನೋಡೋದು.

ಎರಡು, ಅಕ್ಕ-ತಂಗಿಯರ ಸಹಿ. 2005ರ ತಿದ್ದುಪಡಿ ಆದ್ಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಅಣ್ಣ-ತಮ್ಮ ಇಬ್ಬರೇ ಸಹಿ ಹಾಕಿ ಮಾರಿದ್ರೆ, ನಾಳೆ ಅವರ ಅಕ್ಕ ಪಾಲು ಕೇಳಿ ಕೋರ್ಟಿಗೆ ಹೋಗಬಹುದು. ಹೋಗೋದು ಅವರ ಹಕ್ಕು ಕೂಡ. ವಂಶವೃಕ್ಷ ಕೇಳಿ, ಅದರಲ್ಲಿರೋ ಹೆಸರೆಲ್ಲಾ ಕ್ರಯಪತ್ರದಲ್ಲಿ ಇದೆಯಾ ಅಂತ ಟಿಕ್ ಹಾಕಿ.

ಮೂರು, ನೀರಿನ ದಾರಿ. 2016ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ರಾಜಕಾಲುವೆ ಒತ್ತುವರಿ ತೆರವು ಮಾಡಿದಾಗ ಬಿದ್ದ ಮನೆಗಳಲ್ಲಿ ನೋಂದಣಿ ಆಗಿದ್ದ, ಬ್ಯಾಂಕ್ ಸಾಲ ಸಿಕ್ಕಿದ್ದ ಮನೆಗಳೂ ಇದ್ವು. ಬ್ಯಾಂಕ್ ಸಾಲ ಕೊಡ್ತು ಅನ್ನೋದು ಜಾಗ ಸರಿ ಇದೆ ಅನ್ನೋದಕ್ಕೆ ಗ್ಯಾರಂಟಿ ಅಲ್ಲ. ಕಂದಾಯ ಇಲಾಖೆಯ ಹಳೇ ಗ್ರಾಮ ನಕ್ಷೆಯಲ್ಲಿ ಹಳ್ಳ, ಕೆರೆ, ಖರಾಬು ಎಲ್ಲಾ ಗುರುತಾಗಿರುತ್ತೆ. ದಿಶಾಂಕ್ ಅನ್ನೋ ಸರ್ಕಾರಿ ಆ್ಯಪ್ ಇದೆ. ಜಾಗದಲ್ಲಿ ನಿಂತು ತೆರೆದ್ರೆ ನೀವು ಯಾವ ಸರ್ವೆ ನಂಬರ್ ಮೇಲೆ ನಿಂತಿದ್ದೀರ ಅಂತ ತೋರಿಸುತ್ತೆ. ಜಿಪಿಎಸ್ ಸ್ವಲ್ಪ ಆಚೀಚೆ ಆಗಬಹುದು, ಕೊನೆಗೆ ಸರ್ವೆಯರ್ ಅಳತೆಯೇ ಲೆಕ್ಕ. ಆದ್ರೆ ಬ್ರೋಕರ್ ಹೇಳಿದ ಸರ್ವೆ ನಂಬರ್ ಒಂದು, ಆ್ಯಪ್ ತೋರಿಸಿದ್ದು ಇನ್ನೊಂದು ಅಂತ ಬಂದ್ರೆ ಪ್ರಶ್ನೆ ಕೇಳೋಕೆ ಅಷ್ಟು ಸಾಕು. ಜೊತೆಗೆ ಒಂದು ಟೇಪ್ ತಗೊಂಡು ಹೋಗಿ, ಪತ್ರದಲ್ಲಿರೋ ಚೆಕ್ಕುಬಂದಿ ನಾಲ್ಕೂ ದಿಕ್ಕಿಗೆ ಹೊಂದುತ್ತಾ ನೋಡಿ. ಸಾಧ್ಯ ಆದ್ರೆ ಜೋರು ಮಳೆ ಬಂದ ಮಾರನೇ ದಿನ ಹೋಗಿ.

ದುಡ್ಡು ಕೊಡೋವಾಗ

"ಇವತ್ತೇ ಟೋಕನ್ ಕೊಡಿ, ನಾಳೆ ಬೇರೆಯವರು ಬರ್ತಾರೆ" ಅಂದ್ರೆ ಬರಲಿ ಬಿಡಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಅಡ್ವಾನ್ಸನ್ನ ನಗದಾಗಿ ತಗೊಳ್ಳೋ ಹಾಗಿಲ್ಲ, ಹಾಗಾಗಿ ಬ್ಯಾಂಕ್ ಮೂಲಕವೇ ಕೊಡಿ. ರೆರಾ ಪ್ರಾಜೆಕ್ಟ್ ಆದ್ರೆ ಅಗ್ರಿಮೆಂಟ್ ನೋಂದಣಿ ಆಗೋ ತನಕ ಶೇ. 10ಕ್ಕಿಂತ ಹೆಚ್ಚು ಕೇಳೋ ಹಾಗಿಲ್ಲ. ಬೆಲೆ 50 ಲಕ್ಷ ಮುಟ್ಟಿದ್ರೆ ಕೊಳ್ಳೋರೇ ಶೇ. 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು.

"ಜಿಪಿಎ ಮಾಡಿಕೊಡ್ತೀವಿ, ನೋಂದಣಿ ಖರ್ಚು ಉಳಿಯುತ್ತೆ" ಅನ್ನೋದು ಇನ್ನೊಂದು ಆಸೆ. ಜಿಪಿಎ ಮೂಲಕ ಮಾರಾಟ ಮಾಡಿದ್ರೆ ಮಾಲೀಕತ್ವ ವರ್ಗ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಕೊನೆಯದಾಗಿ, ಮಾರೋರು ತೋರಿಸೋ ವಕೀಲರ ಬದಲು ನಮ್ಮದೇ ವಕೀಲರನ್ನ ಹಿಡಿದು ಲೀಗಲ್ ಒಪಿನಿಯನ್ ತಗೊಳ್ಳಬೇಕು. 30 ಲಕ್ಷದ ವ್ಯವಹಾರದಲ್ಲಿ ಆ ಫೀಸು ಉಳಿಸೋಕೆ ನೋಡೋದು ಹೆಲ್ಮೆಟ್ ದುಡ್ಡು ಉಳಿಸಿದ ಹಾಗೆ.

ಈಗ ಕೈಯಲ್ಲಿ ಸಾವಿರ ರೂಪಾಯಿ ಇದ್ರೆ?

ಸೈಟು ದೂರದ ಮಾತು, ಆದ್ರೆ ಕಲಿಯೋಕೆ ಒಂದು ಚಿಕ್ಕ ದಾರಿ ಇದೆ: ರೀಟ್. ತುಂಬಾ ಜನರ ದುಡ್ಡು ಸೇರಿಸಿ ದೊಡ್ಡ ಆಫೀಸ್ ಕಟ್ಟಡ, ಮಾಲ್‌ಗಳನ್ನ ಇಟ್ಕೊಂಡು, ಬಂದ ಬಾಡಿಗೆಯನ್ನ ಹಂಚೋ ಟ್ರಸ್ಟ್ ಇದು. ಸೆಬಿ 2014ರಲ್ಲಿ ನಿಯಮ ಮಾಡ್ತು. 2019ರಲ್ಲಿ ದೇಶದ ಮೊದಲ ರೀಟ್ ಆಗಿ ಎಂಬಸಿ ಆಫೀಸ್ ಪಾರ್ಕ್ಸ್ ಷೇರುಪೇಟೆಗೆ ಬಂತು. ನಮ್ಮವರು ಇಂಟರ್ನ್‌ಶಿಪ್‌ಗೆ ಹೋಗೋ ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕ್ ಅದರದ್ದೇ. ನಿಯಮದ ಪ್ರಕಾರ ಆಸ್ತಿಯಲ್ಲಿ ಕನಿಷ್ಠ ಶೇ. 80 ಪೂರ್ತಿ ಕಟ್ಟಿ ಆದಾಯ ಬರೋ ಕಟ್ಟಡಗಳೇ ಇರಬೇಕು, ಹಂಚಬಹುದಾದ ಆದಾಯದಲ್ಲಿ ಕನಿಷ್ಠ ಶೇ. 90 ಹಂಚಲೇಬೇಕು. 2021ರಿಂದ ಒಂದೊಂದು ಯೂನಿಟ್ ಕೂಡ ಕೊಳ್ಳಬಹುದು. 18 ತುಂಬಿ, ಡಿಮ್ಯಾಟ್ ಖಾತೆ ಇದ್ರೆ ಆಯ್ತು.

ಇದರಲ್ಲೂ ರಿಸ್ಕ್ ಇದೆ. ಕಂಪನಿಗಳು ಆಫೀಸ್ ಖಾಲಿ ಮಾಡಿದ್ರೆ ಬಾಡಿಗೆ ಇಳಿಯುತ್ತೆ, ಯೂನಿಟ್ ಬೆಲೆಯೂ ಏರಿಳಿಯುತ್ತೆ. ಆದ್ರೆ ಒಂದೆರಡು ಯೂನಿಟ್ ಇಟ್ಕೊಂಡು ಅವರ ತ್ರೈಮಾಸಿಕ ವರದಿ ಓದಿದ್ರೆ ಬಾಡಿಗೆ, ಖಾಲಿ ಜಾಗ, ಸಾಲದ ಬಡ್ಡಿ ಇವೆಲ್ಲಾ ಸೇರಿ ಲಾಭ ಹೇಗೆ ಆಗುತ್ತೆ ಅಂತ ಅರ್ಥ ಆಗುತ್ತೆ. ಈ ಲೆಕ್ಕ ನಾಳೆ ಒಂದು ಫ್ಲ್ಯಾಟ್ ಕೊಳ್ಳೋವಾಗಲೂ ಬೇಕಾಗುತ್ತೆ.

ಈ ರಜೆಗೆ ಒಂದು ಅಸೈನ್‌ಮೆಂಟ್

ಊರಿಗೆ ಹೋದಾಗ ನಿಮ್ಮದೇ ಮನೆಯ ಅಥವಾ ಅಜ್ಜನ ಜಮೀನಿನ ಸರ್ವೆ ನಂಬರ್ ಕೇಳಿ. ಪಹಣಿ ತೆಗೀರಿ, 2004ರಿಂದ ಇಸಿ ತೆಗೀರಿ, ಬೀರುವಿನಲ್ಲಿರೋ ಮೂಲಪತ್ರದ ಜೊತೆ ಇಟ್ಟು ಹೆಸರು, ಅಳತೆ, ಚೆಕ್ಕುಬಂದಿ ಹೋಲಿಸಿ. ತುಂಬಾ ಮನೆಗಳಲ್ಲಿ ತೀರಿಕೊಂಡ ಅಜ್ಜನ ಹೆಸರೇ ಪಹಣಿಯಲ್ಲಿ ಇನ್ನೂ ಇರುತ್ತೆ, ಪೌತಿ ಖಾತೆ ಆಗಿರಲ್ಲ. ಹಾಗಿದ್ರೆ ಅಪ್ಪ-ಅಮ್ಮನ ಹತ್ರ ಹೇಳಿ, ಅದನ್ನ ಸರಿ ಮಾಡಿಸೋದೇ ಮೊದಲ ಕೆಲಸ ಆಗಲಿ. ಹೊಸ ಸೈಟ್ ಹುಡುಕೋಕೆ ಮುಂಚೆ ಇರೋ ಆಸ್ತಿಯ ಪೇಪರ್ ಸರಿ ಇರಬೇಕು ತಾನೆ?