ಬೆಳಕಿನ ರಂಗೋಲಿಯಲ್ಲಿ ಬಂಡೆಗಳ ಬೇಟೆ

ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಹತ್ತು ವರ್ಷದ ಮೊಮ್ಮಗ ನನ್ನನ್ನು ಹಳೆಯ ವಿಡಿಯೊ ಗೇಮ್ ಯಂತ್ರಗಳಿರುವ ಸಣ್ಣ ಅಂಗಡಿಯೊಂದಕ್ಕೆ ಎಳೆದುಕೊಂಡು ಹೋದ. ಬಣ್ಣಬಣ್ಣದ ಯಂತ್ರಗಳ ನಡುವೆ ಬೀರುವಿನಷ್ಟು ಎತ್ತರದ ಪೆಟ್ಟಿಗೆಯೊಂದಿತ್ತು. ಕಪ್ಪು ಪರದೆ, ಅದರ ಮೇಲೆ ಬಿಳಿ ಗೆರೆಗಳು, ಅಷ್ಟೆ. ಹೆಸರು ‘ಆಸ್ಟರಾಯ್ಡ್ಸ್’.

“ಇದರಲ್ಲಿ ಬಣ್ಣವೇ ಇಲ್ಲ ತಾತ” ಎಂದು ಅವನು ಮೂಗು ಮುರಿದ. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಪ್ರಯೋಗಾಲಯದ ಆಸಿಲೋಸ್ಕೋಪಿನಲ್ಲಿ ಓಡುತ್ತಿದ್ದ ಬೆಳಕಿನ ಗೆರೆ ಇಲ್ಲಿ ಆಟವಾಡುತ್ತಿತ್ತು!

ಮೊದಲು ಆಟ ಹೇಗೆಂದು ಹೇಳುತ್ತೇನೆ. ಪರದೆಯ ನಡುವೆ ತ್ರಿಕೋನದಂಥ ಪುಟ್ಟ ನೌಕೆ ನಿಮ್ಮದು. ಸುತ್ತಲೂ ಬಾಹ್ಯಾಕಾಶದ ಬಂಡೆಗಳು ತೇಲಿ ಬರುತ್ತವೆ. ಐದು ಗುಂಡಿಗಳಿವೆ: ಎಡಕ್ಕೆ ತಿರುಗಲು, ಬಲಕ್ಕೆ ತಿರುಗಲು, ಮುಂದೆ ನುಗ್ಗಲು, ಗುಂಡು ಹಾರಿಸಲು, ಐದನೆಯದು, ಅಪಾಯ ಬಂದಾಗ ಮಾಯವಾಗಿ ಬೇರೆಲ್ಲೋ ಪ್ರತ್ಯಕ್ಷವಾಗಲು. ದೊಡ್ಡ ಬಂಡೆಗೆ ಹೊಡೆದರೆ 20 ಅಂಕ, ಆದರೆ ಅದು ಎರಡು ಮಧ್ಯಮ ಬಂಡೆಗಳಾಗುತ್ತದೆ. ಅವುಗಳಿಗೆ 50 ಅಂಕ. ಅವು ಒಡೆದರೆ ಮತ್ತೆ ಎರಡೆರಡು ಚಿಕ್ಕವು. ಅವಕ್ಕೆ ತಲಾ 100. ಹಾಗಾದರೆ ಒಂದು ದೊಡ್ಡ ಬಂಡೆಯನ್ನು ಪೂರ್ತಿ ಮುಗಿಸಿದರೆ ಎಷ್ಟು ಅಂಕ? ಮಕ್ಕಳೇ, ಮುಂದೆ ಓದುವ ಮೊದಲು ಲೆಕ್ಕ ಹಾಕಿ. ಹೌದು, 520!

ಈ ಆಟ ಬಂದದ್ದು 1979ರ ನವೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದ್ದೇ ಆದ ಅಟಾರಿ ಕಂಪನಿಯಿಂದ. ಲೈಲ್ ರೇನ್ಸ್ ಕಲ್ಪನೆ ಕೊಟ್ಟರು, ಎಡ್ ಲಾಗ್ ಪ್ರೋಗ್ರಾಂ ಬರೆದರು, ಹೊವರ್ಡ್ ಡೆಲ್‌ಮನ್ ಗೆರೆ ಎಳೆಯುವ ವಿದ್ಯುನ್ಮಂಡಲ ರೂಪಿಸಿದರು. ಇಡೀ ಆಟವನ್ನು ಬರೆದಿಟ್ಟ ಚಿಪ್‌ಗಳ ಸ್ಥಳ ಒಟ್ಟು 8 ಕಿಲೋಬೈಟ್. ಇಂದು ನೀವು ಮೊಬೈಲಿನಲ್ಲಿ ಕಳಿಸುವ ಒಂದು ಫೋಟೊಗೂ ಅಷ್ಟು ಸಾಲದು.

ಇನ್ನು ಆ ಗೆರೆಗಳ ಗುಟ್ಟು. ಹಳೆಯ ಟಿ.ವಿ. ಚಿತ್ರ ಮಾಡುತ್ತಿದ್ದುದು ಮಗ್ಗದಲ್ಲಿ ಬಟ್ಟೆ ನೇಯ್ದಂತೆ. ಎಲೆಕ್ಟ್ರಾನುಗಳ ಕಿರಣ ಎಡದಿಂದ ಬಲಕ್ಕೆ, ಸಾಲಿನ ಕೆಳಗೆ ಸಾಲು, ಪರದೆಯನ್ನೆಲ್ಲ ತುಂಬುತ್ತಿತ್ತು. ಈ ಯಂತ್ರ ಹಾಗಲ್ಲ, ಅಜ್ಜಿ ರಂಗೋಲಿ ಹಾಕಿದಂತೆ! ‘ಇಲ್ಲಿಂದ ಅಲ್ಲಿಗೆ ಗೆರೆ ಎಳೆ’ ಎಂಬ ಆಜ್ಞೆಗಳ ಪಟ್ಟಿಯನ್ನು ಕಂಪ್ಯೂಟರ್ ಬರೆದಿಡುತ್ತದೆ. ಆ ಅಂಕಿಗಳು ವಿದ್ಯುತ್ ಒತ್ತಡಗಳಾಗಿ ಬದಲಾಗುತ್ತವೆ. ಚಿತ್ರನಳಿಗೆಯ ಕುತ್ತಿಗೆಯಲ್ಲಿರುವ ತಂತಿಸುರುಳಿಗಳು ಕಿರಣವನ್ನು ನೇರವಾಗಿ ಅಲ್ಲಿಗೇ ಬಾಗಿಸುತ್ತವೆ. ಖಾಲಿ ಜಾಗಕ್ಕೆ ಅದು ಬೆಳಕು ಚೆಲ್ಲುವುದೇ ಇಲ್ಲ. ರಂಗೋಲಿ ಕ್ಷಣದಲ್ಲೇ ಮಾಸುವುದರಿಂದ ಸೆಕೆಂಡಿಗೆ ಸುಮಾರು 60 ಸಲ ಮತ್ತೆ ಮತ್ತೆ ಬಿಡಿಸಬೇಕು.

“ಹಾಗಾದರೆ ಗುಂಡು ಮಾತ್ರ ಯಾಕೆ ಅಷ್ಟು ಹೊಳೆಯುತ್ತೆ?” ಎಂದ ಮೊಮ್ಮಗ. ಒಳ್ಳೆಯ ಪ್ರಶ್ನೆ! ಗುಂಡು ಗೆರೆಯಲ್ಲ, ಚುಕ್ಕೆ. ಕಿರಣ ಅಲ್ಲಿ ಕೊಂಚ ಹೊತ್ತು ನಿಲ್ಲುತ್ತದೆ, ಬೆಳಕೆಲ್ಲ ಒಂದೇ ಕಡೆ ಸೇರುತ್ತದೆ. ಆದರೆ ಹೆಚ್ಚು ಹೊತ್ತು ನಿಂತರೆ ಪರದೆಯ ಒಳಲೇಪವೇ ಸುಟ್ಟುಹೋಗುತ್ತದೆ. ಅದಕ್ಕೇ ಕಿರಣದ ಓಟ ನಿಂತ ಕೂಡಲೇ ಅದನ್ನು ಆರಿಸಿಬಿಡುವ ಕಾವಲು ಮಂಡಲವೊಂದು ಒಳಗಿದೆ.

ಅವನು ಮೂಗು ಮುರಿಯುವುದನ್ನು ಬಿಟ್ಟು ಆಡತೊಡಗಿದ. ಹಿನ್ನೆಲೆಯಲ್ಲಿ ‘ಧಮ್, ಧಮ್’ ಎಂಬ ಸದ್ದು ಎದೆಬಡಿತದಂತೆ ಬರಬರುತ್ತ ವೇಗವಾಯಿತು. ನೌಕೆ ಬಲಗಡೆ ಹೊರಗೆ ಹೋಗಿ ಎಡಗಡೆಯಿಂದ ಒಳಬಂದಾಗ ಚಪ್ಪಾಳೆ ತಟ್ಟಿದ.

“ಈ ಆಟ ಫೋನಿನಲ್ಲೂ ಸಿಗುತ್ತಲ್ಲ ತಾತ?” ಎಂದು ಹುಡುಕಿ ಪಕ್ಕದಲ್ಲಿ ಹಿಡಿದ. ಬಂಡೆಗಳು ಅವೇ, ನೌಕೆಯೂ ಅದೇ. ಆದರೆ ಗುಂಡು ಬರಿಯ ಬಿಳಿ ಚುಕ್ಕೆಯಾಗಿತ್ತು. ಯಂತ್ರದ ಗುಂಡು ಕತ್ತಲಲ್ಲಿ ಹಾರಿದ ಕಿಡಿಯಂತಿತ್ತು. ಎರಡನ್ನೂ ನೋಡಿ ಅವನೇ ಫೋನನ್ನು ಜೇಬಿಗಿಟ್ಟ.

ಮೂಲೆಯಲ್ಲಿ ಅಂಥದೇ ಇನ್ನೊಂದು ಯಂತ್ರ ಕಪ್ಪಾಗಿ ನಿಂತಿತ್ತು. “ಅದರ ಚಿತ್ರನಳಿಗೆ ಹೋಗಿದೆ. ಇಂಥವನ್ನು ಮಾಡುತ್ತಿದ್ದ ಕಾರ್ಖಾನೆಗಳು ಮುಚ್ಚಿ ಎಷ್ಟೋ ಕಾಲವಾಯಿತು. ಇನ್ನೊಂದು ಹಳೆಯದು ಸಿಗುವವರೆಗೆ ಕಾಯಬೇಕು” ಎಂದರು ಅಂಗಡಿಯವರು. ಚಿಪ್ಪಿನಲ್ಲಿರುವ ಪ್ರೋಗ್ರಾಂ ನಕಲು ಮಾಡಬಹುದು. ಆ ಬೆಳಕನ್ನು ನಕಲು ಮಾಡುವುದು ಹೇಗೆ? ಅಜ್ಜಿಯ ರಂಗೋಲಿ ಪುಸ್ತಕ ಉಳಿದರೂ ಅಂಗಳದಲ್ಲಿ ಓಡುವ ಆ ಬೆರಳು ಬೇಕಲ್ಲ!

ಆಟ ಮುಗಿದಾಗ ಯಂತ್ರ ಅವನ ಹೆಸರು ಕೇಳಿತು, ಮೂರೇ ಅಕ್ಷರ. ಬೆಳಿಗ್ಗೆ ಆಗಷ್ಟೇ ಸ್ವಿಚ್ ಹಾಕಿದ್ದರಿಂದ ಪಟ್ಟಿ ಖಾಲಿಯಿತ್ತು; ಅವನದೇ ಮೊದಲ ಹೆಸರು! ಹಿಗ್ಗಿ ಹೀರೇಕಾಯಿಯಾದ. ಸ್ವಿಚ್ ಆರಿಸಿದರೆ ಈ ಯಂತ್ರ ಎಲ್ಲ ಹೆಸರುಗಳನ್ನೂ ಮರೆತುಬಿಡುತ್ತದೆ ಎಂದು ಹೇಳಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಹೇಳಿದೆ.

ಅವನು ಒಂದು ಕ್ಷಣ ಸುಮ್ಮನಿದ್ದ. ಆಮೇಲೆ, “ಹಾಗಾದರೆ ಮುಂದಿನ ಭಾನುವಾರ ಮತ್ತೆ ಬರೋಣ. ಆಗ ನಿನ್ನ ಹೆಸರೂ ಬರೆಯೋಣ ತಾತ” ಎಂದ.