ಹರಿದ ಸೀರೆ, ಹೊಲಿದ ಕೌದಿ

ತೀರಿಕೊಂಡವರ ಬಟ್ಟೆಯನ್ನು ಏನು ಮಾಡಬೇಕೆಂಬುದು ಪ್ರತಿಯೊಂದು ಮನೆಗೂ ಒಂದಲ್ಲ ಒಂದು ದಿನ ಬರುವ ಪ್ರಶ್ನೆ. ಒಡವೆಯಾದರೆ ಹೆಣ್ಣುಮಕ್ಕಳು ಹಂಚಿಕೊಳ್ಳುತ್ತಾರೆ. ಪಾತ್ರೆಯಾದರೆ ಅಡಿಗೆಮನೆಯಲ್ಲಿಯೇ ಉಳಿಯುತ್ತದೆ. ಪುಸ್ತಕವಾದರೆ ಓದುವವರಿಗೆ ಕೊಡಬಹುದು. ಬಟ್ಟೆಯ ಮಾತು ಹಾಗಲ್ಲ. ಅದು ಉಟ್ಟವರ ಮೈಯನ್ನು ಬಲ್ಲದ್ದು. ಇಟ್ಟುಕೊಳ್ಳಲೂ ಸಂಕಟ, ಕೊಟ್ಟುಬಿಡಲೂ ಸಂಕಟ.

ನಮ್ಮ ತಾಯಿ ತೀರಿಕೊಂಡು ನಾಲ್ಕು ವರ್ಷಗಳಾದುವು. ಅವರ ಹನ್ನೊಂದು ನೂಲಿನ ಸೀರೆಗಳು ಕಬ್ಬಿಣದ ಪೆಟ್ಟಿಗೆಯೊಂದರಲ್ಲಿದ್ದುವು. ಯಾರಿಗಾದರೂ ಕೊಡೋಣವೆಂದರೆ ತಂದೆಯವರು ಒಪ್ಪಲಿಲ್ಲ. ಉಡೋಣವೆಂದರೆ ನನಗೆ ಮನಸ್ಸು ಬರಲಿಲ್ಲ. ವರ್ಷಕ್ಕೊಮ್ಮೆ ಅವನ್ನು ತೆಗೆದು, ಬಿಸಿಲಿಗೆ ಹರವಿ, ನುಸಿಗುಳಿಗೆಗಳನ್ನು ಬದಲಾಯಿಸಿ, ಮತ್ತೆ ಅದೇ ಮಡಿಕೆಗಳಲ್ಲಿ ಮಡಿಸಿಡುವುದು ನನ್ನ ಕೆಲಸವಾಗಿತ್ತು. ಹೋದ ಬೇಸಗೆಯಲ್ಲಿ ಹೀಗೆ ಹರವುತ್ತಿದ್ದಾಗ, ಮಡಿಕೆಯ ಗೆರೆಗುಂಟ ಒಂದು ಸೀರೆ ಸದ್ದಿಲ್ಲದೆ ಸೀಳಿತು. ಯಾರೂ ಮುಟ್ಟದಂತೆ ಕಾಪಾಡಿದ್ದೇ ಅದಕ್ಕೆ ಮುಳುವಾಗಿತ್ತು. ಆ ಸೀಳಿದ ಸೀರೆಯನ್ನು ಹಿಡಿದುಕೊಂಡು ನಾನು ಹೋದದ್ದು ನಮ್ಮ ಬೀದಿಯ ಕೊನೆಯ ಮನೆಗೆ.

ಬಸವೇಶ್ವರನಗರದ ಹಾವನೂರು ವೃತ್ತದಿಂದ ಹತ್ತು ನಿಮಿಷ ನಡೆದರೆ ನಮ್ಮ ಬೀದಿ. ಅದರ ಕೊನೆಯ ಮನೆಯ ಹಿರಿಯ ಗೃಹಿಣಿಯನ್ನು ನಾವೆಲ್ಲರೂ ದೊಡ್ಡಮ್ಮ ಎಂದೇ ಕರೆಯುವುದು. ಧಾರವಾಡದ ಕಡೆಯವರು, ಮಗನ ನೌಕರಿಯ ದೆಸೆಯಿಂದ ಬೆಂಗಳೂರಿಗೆ ಬಂದವರು. ಅವರ ಮಹಡಿಯ ಕೋಣೆಯಲ್ಲಿ ವಾರಕ್ಕೆರಡು ಮಧ್ಯಾಹ್ನ ಏಳೆಂಟು ಮಂದಿ ಹೆಂಗಸರು ಕೂಡಿ ಕೌದಿ ಹೊಲಿಯುತ್ತಾರೆ. ಇದಕ್ಕೆ ಸಂಘದ ಹೆಸರಿಲ್ಲ, ಚಂದಾ ಇಲ್ಲ, ಅಧ್ಯಕ್ಷರಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಒಬ್ಬೊಬ್ಬರಾಗಿ ಬಟ್ಟೆಯ ಗಂಟು ಹಿಡಿದು ಬರುತ್ತಾರೆ; ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗುತ್ತಾರೆ.

ಕೌದಿಯೆಂದರೆ ಏನೆಂದು ನಮ್ಮ ಹಳೆಯ ಮೈಸೂರು ಸೀಮೆಯ ಕಿರಿಯರು ಕೇಳಬಹುದು. ಮಧುಗಿರಿಯ ಕಡೆಯ ನನ್ನ ಅಜ್ಜಿ ಅದನ್ನು ಬೊಂತೆ ಎನ್ನುತ್ತಿದ್ದರು. ಮರಾಠಿಯವರಿಗೆ ಅದು ಗೋಧಡಿ, ಬಂಗಾಳಿಗಳಿಗೆ ಕಾಂಥಾ. ಹಳೆಯ ಸೀರೆಯನ್ನೋ ಧೋತರವನ್ನೋ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಬಿಗಿ ಮಾಡಿ, ಅದರ ಮೇಲೆ ಜೀರ್ಣವಾದ ಬಟ್ಟೆಗಳನ್ನು ಪದರ ಪದರವಾಗಿ ಹರಡಿ, ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಸೂಜಿ ಮೇಲೆದ್ದು ಕೆಳಗಿಳಿಯುವ ಸಾದಾ ಹೊಲಿಗೆಯನ್ನು ಬೆರಳಗಲ ಬಿಟ್ಟು ಸಾಲು ಸಾಲಾಗಿ ಹಾಕಿದರೆ ಕೌದಿಯಾಗುತ್ತದೆ. ಈ ಹೊಲಿಗೆ ಅಲಂಕಾರಕ್ಕಲ್ಲ. ಪದರಗಳು ಜಾರದಂತೆ ಹಿಡಿದಿಡುವುದು ಅದರ ಕೆಲಸ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಗೆ ಬೆಚ್ಚಗೆ.

ಕೇಳಲು ಇಷ್ಟು ಸುಲಭವಾದದ್ದು ಮಾಡಲು ಹೋದಾಗ ಹಾಗಿರುವುದಿಲ್ಲ. ಹೊಸ ಬಟ್ಟೆ ಗಂಜಿಯಿಂದ ಬಿರುಸಾಗಿರುತ್ತದೆ. ಒಗೆದಾಗ ಕುಗ್ಗಿ, ಸುತ್ತಲಿನ ತುಂಡುಗಳನ್ನು ಎಳೆದು ಮುದ್ದೆ ಮಾಡುತ್ತದೆ. ನೂರು ಸಲ ಒಗೆದ ಹಳೆಯ ನೂಲಿನ ಬಟ್ಟೆ ಕುಗ್ಗುವಷ್ಟು ಕುಗ್ಗಿ, ಬಿಡುವಷ್ಟು ಬಣ್ಣ ಬಿಟ್ಟು, ಸೂಜಿಗೆ ತಾನಾಗಿಯೇ ದಾರಿ ಕೊಡುತ್ತದೆ. ತುಂಡನ್ನು ಕತ್ತರಿಸುವಾಗ ಹಾಸು ಯಾವುದು ಹೊಕ್ಕು ಯಾವುದು ಎಂದು ನೋಡಬೇಕು. ಓರೆಯಾಗಿ ಕತ್ತರಿಸಿದ ತುಂಡು ಹೊಲಿಯುತ್ತಿರುವಂತೆಯೇ ಹಿಗ್ಗಿ ಸೊಟ್ಟಗಾಗುತ್ತದೆ. ನಾನು ಇಪ್ಪತ್ತು ವರ್ಷಗಳಿಂದ ‘ಹಾಸುಹೊಕ್ಕು’ ಎಂಬ ಪದವನ್ನು ತರಗತಿಯಲ್ಲಿ ಬಳಸುತ್ತಿದ್ದೇನೆ. ಅದು ಕೈಗೆ ಸಿಕ್ಕಿದ್ದು ದೊಡ್ಡಮ್ಮನವರ ಮಹಡಿಯಲ್ಲಿ.

ಪ್ರತಿಯೊಬ್ಬರ ಗಂಟಿನಲ್ಲಿಯೂ ಒಂದೊಂದು ಸಂಸಾರವಿರುತ್ತದೆ. ದೊಡ್ಡಮ್ಮನವರು ಮರಿಮಗುವಿಗೆಂದು ತಮ್ಮ ಇಳಕಲ್ ಸೀರೆಗಳಿಂದ ಪುಟ್ಟ ಕೌದಿಯನ್ನು ಹೊಲಿಯುತ್ತಿದ್ದಾರೆ. ಇಳಕಲ್ ಸೀರೆಯ ಸೆರಗು ಬೇರೆ, ಒಡಲು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಮಗ್ಗದ ಮೇಲೆಯೇ ಕೂಡಿಸಿರುತ್ತಾರೆ. ‘ಇದು ಹುಟ್ಟಾನ ಜೋಡಿಸಿದ್ದವಾ, ಮತ್ತ ಜೋಡಿಸಿದ್ರ ಬ್ಯಾಸರ ಮಾಡ್ಕೊಳ್ಳೂದಿಲ್ಲ’ ಎಂಬುದು ಅವರ ವಿನೋದ. ನಿವೃತ್ತ ಶಾಲಾ ಉಪಾಧ್ಯಾಯಿನಿಯೊಬ್ಬರು ಮಕ್ಕಳ ಹಳೆಯ ಸಮವಸ್ತ್ರಗಳನ್ನು ಕೂಡಿಹಾಕಿ ಬಿಳಿ ನೀಲಿಯ ಕೌದಿ ಮಾಡಿದ್ದಾರೆ; ಒಂದು ಮೂಲೆಯಲ್ಲಿ ಶಾಯಿಯ ಕಲೆಯನ್ನು ಬೇಕೆಂದೇ ಉಳಿಸಿದ್ದಾರೆ. ಬ್ಯಾಂಕಿನಲ್ಲಿದ್ದು ವಿಶ್ರಾಂತರಾದ ಇನ್ನೊಬ್ಬರಿಗೆ ಪತಿಯ ಅಂಗಿಗಳೇ ಸಾಮಗ್ರಿ. ಕಂಪ್ಯೂಟರ್ ಕಂಪೆನಿಯಲ್ಲಿ ದುಡಿಯುವ ಹುಡುಗಿಯೊಬ್ಬಳು ಬಿಡುವಾದಾಗ ಬರುತ್ತಾಳೆ. ಅವಳ ಮನೆಯಲ್ಲಿ ಹಳೆಯ ಬಟ್ಟೆಯೇ ಇಲ್ಲವಂತೆ! ಚಿಕ್ಕಪೇಟೆಯಿಂದ ಹೊಸ ಬಟ್ಟೆ ತಂದು, ಅಳತೆಪಟ್ಟಿಯಿಟ್ಟು ಸಮಚೌಕಗಳಾಗಿ ಕತ್ತರಿಸುತ್ತಾಳೆ.

ಇವರೆಲ್ಲರಿಗೂ ಗುರು ಒಬ್ಬಾಕೆ ಇದ್ದಾಳೆ. ಯಾದಗಿರಿಯ ಕಡೆಯವಳು. ಗಂಡನೊಡನೆ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದು, ಈಗ ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ಕಸ ಮುಸುರೆ ಮಾಡುತ್ತಾಳೆ. ಒಂದು ದಿನ ಮಹಡಿಯ ಕಸ ಗುಡಿಸುತ್ತಿದ್ದವಳು ಇವರ ಸೊಟ್ಟ ಸಾಲುಗಳನ್ನು ನೋಡಿ ನಕ್ಕಳಂತೆ; ಪೊರಕೆಯನ್ನು ಗೋಡೆಗೊರಗಿಸಿ, ಸೂಜಿ ತೆಗೆದುಕೊಂಡು, ಮೊಳದುದ್ದದ ಸಾಲನ್ನು ಮಾತಾಡುತ್ತಲೇ ಹೊಲಿದುಬಿಟ್ಟಳಂತೆ. ಅಂದಿನಿಂದ ಆಕೆ ಬಾರದೆ ಯಾವ ಕೌದಿಯೂ ಮುಗಿದುದಿಲ್ಲ. ಆಕೆಗೆ ಆ ಹೊತ್ತಿನ ಕೂಲಿಯನ್ನು ಕೊಡಬೇಕೆಂದು ಮೊದಲು ಹೇಳಿದವರು ಬ್ಯಾಂಕಿನವರು. ನಮಗೆ ಅದು ಹವ್ಯಾಸ. ಆಕೆಗೆ ಅದು ನಾಲ್ಕನೆಯ ಮನೆಯ ಪಾತ್ರೆ ತಿಕ್ಕುವ ವೇಳೆ. ಈ ಲೆಕ್ಕ ಅವರಿಗೆ ಹೊಳೆದಷ್ಟು ಬೇಗ ನನಗೆ ಹೊಳೆಯಲಿಲ್ಲ.

ಇದಕ್ಕಿಂತಲೂ ಹೇಳಲು ನಾಚಿಕೆಯಾಗುವ ಸಂಗತಿ ಇನ್ನೊಂದುಂಟು. ನಾಲ್ಕು ಗಂಟೆಗೆ ಚಹಾ ಬರುತ್ತದೆ. ತಟ್ಟೆಯಲ್ಲಿ ಲೋಟಗಳೆಲ್ಲ ಒಂದೇ ಬಗೆ. ಅಂಚು ನೆಗ್ಗಿದ ಒಂದು ಲೋಟ ಮಾತ್ರ ಬೇರೆ. ಅದು ಆಕೆಯದು. ಆಕೆಯೇ ಅದನ್ನು ತೊಳೆದು ಕಿಟಕಿಯಲ್ಲಿ ಬೋರಲಿಡುತ್ತಿದ್ದಳು. ಕೌದಿಯ ಮುಂದೆ ಎಲ್ಲರೂ ನೆಲದ ಮೇಲೆ ಒಟ್ಟಿಗೆ ಕೂಡುವವರೇ. ಅದೇ ಕೌದಿಯ ಮೇಲೆ ಲೋಟ ಮಾತ್ರ ಬೇರೆ. ಮೊದಲನೆಯ ದಿನವೇ ನಾನು ಅದನ್ನು ಕಂಡೆ. ಪರರ ಮನೆಯ ರೀತಿ, ನಾನೇಕೆ ಆಡಲಿ ಎಂದು ಸುಮ್ಮನಿದ್ದೆ. ಬಸವಣ್ಣನವರ ಹೆಸರಿನ ಬಡಾವಣೆಯಲ್ಲಿ ಮನೆ, ತರಗತಿಯಲ್ಲಿ ವಚನದ ಪಾಠ. ಆದರೂ ಎರಡು ತಿಂಗಳು ಬಾಯಿ ಬಿಡಲಿಲ್ಲ. ಕೊನೆಗೆ ಒಂದು ದಿನ ಉಪಾಧ್ಯಾಯಿನಿಯವರು ಮಾತಾಡುತ್ತ ಕೈಚಾಚಿ ಆ ನೆಗ್ಗಿದ ಲೋಟವನ್ನೇ ತೆಗೆದುಕೊಂಡು ಕುಡಿದರು. ತಪ್ಪಿ ತೆಗೆದುಕೊಂಡರೋ, ತಿಳಿದೇ ತೆಗೆದುಕೊಂಡರೋ ಹೇಳಲಾರೆ. ದೊಡ್ಡಮ್ಮನವರ ಮುಖ ಕೆಂಪಾಯಿತು. ಮುಂದಿನ ವಾರ ತಟ್ಟೆಯಲ್ಲಿ ಎಂಟು ಲೋಟಗಳೂ ಒಂದೇ ಬಗೆಯವಾಗಿದ್ದುವು. ಯಾರೂ ಆ ಮಾತೆತ್ತಲಿಲ್ಲ.

ಅಂದು ಮನೆಗೆ ಬರುವಾಗ ನನಗೆ ಬೊಂತಾದೇವಿಯ ನೆನಪಾಯಿತು. ಆಕೆ ಕಾಶ್ಮೀರದ ಅರಸುಮನೆಯವಳೆಂದೂ, ಮೋಳಿಗೆಯ ಮಾರಯ್ಯನ ತಂಗಿಯೆಂದೂ, ನಿಜದೇವಿಯೆಂಬ ಹೆಸರಿನವಳೆಂದೂ ಪ್ರತೀತಿ. ಎಲ್ಲವನ್ನೂ ತೊರೆದು ಬಟ್ಟೆಯಿಲ್ಲದೆ ಹೊರಟವಳಿಗೆ ಶಿವನು ಕೊಟ್ಟದ್ದು ಪಟ್ಟೆಯನ್ನಲ್ಲ, ಪೀತಾಂಬರವನ್ನಲ್ಲ, ಒಂದು ಬೊಂತೆಯನ್ನು. ಅದನ್ನೇ ಹೊದ್ದು ಕಲ್ಯಾಣಕ್ಕೆ ಬಂದದ್ದರಿಂದ ಬೊಂತಾದೇವಿಯೆಂದಾದಳು. ಸೂಜಿಯನ್ನೇ ಕಾಯಕವಾಗಿ ಹಿಡಿದ ರಾಮಿತಂದೆಯೂ ಶರಣರ ಸಾಲಿನಲ್ಲಿದ್ದಾನೆ. ಬಡವರ ಹೊದಿಕೆ ದೇವರ ಕೈಯಿಂದ ಬಂದಿತೆಂದು ಹೇಳುವ ಕಥೆ ನಮ್ಮಲ್ಲಿರುವಾಗ, ಅದನ್ನು ಹೊಲಿಯುವವಳ ಲೋಟ ಬೇರೆಯಾದದ್ದು ಹೇಗೆ?

ಕೌದಿಗೆ ಈಗ ದೇಶದೇಶಗಳಲ್ಲಿ ಗೌರವ ಬಂದಿದೆಯೆಂಬುದನ್ನು ನಮಗೆ ತಿಳಿಸಿದವಳು ಕಂಪ್ಯೂಟರಿನ ಹುಡುಗಿ. ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯುಂಟು. ಗುಲಾಮರಾಗಿದ್ದವರ ಸಂತತಿಯ ಹೆಂಗಸರು ಗೇಯ್ಮೆಯ ಹಳೆಯ ಉಡುಪುಗಳಿಂದ ಹೊಲಿದ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ನಿನ ಕಲಾಸಂಗ್ರಹಾಲಯದಲ್ಲಿಯೂ ಆಮೇಲೆ ನ್ಯೂಯಾರ್ಕಿನಲ್ಲಿಯೂ ತೂಗುಹಾಕಿದರು. 2006ರಲ್ಲಿ ಅವುಗಳ ಚಿತ್ರ ಅಂಚೆಚೀಟಿಯ ಮೇಲೆ ಬಂದಿತು. ಆದರೆ ಅಷ್ಟು ದೂರ ಹೋಗಬೇಕಾದುದಿಲ್ಲ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರೂ ಆಫ್ರಿಕದಿಂದ ಬಂದವರು. ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದವರು ಅವರಲ್ಲಿ ಅನೇಕರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ಕ್ರಮವೇ ಬೇರೆ. ಅವರು ಅಂಚಿನಿಂದ ಹಿಡಿದು ಒಳಮುಖವಾಗಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ತುಂಡನ್ನಿಟ್ಟು ಅದಕ್ಕೆ ಹೂವಿನ ಹೆಸರಿಟ್ಟಿದ್ದಾರೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಈ ಶತಮಾನದ ಮೊದಲ ದಶಕದಲ್ಲಿ ಈ ಹೆಂಗಸರೊಡನೆ ಕೆಲಸ ಮಾಡಿ, ಕವಂದಿಗಳನ್ನು ತಮ್ಮ ದೇಶದ ಪ್ರದರ್ಶನಗಳಿಗೆ ಕೊಂಡೊಯ್ದರು.

ಇದನ್ನೆಲ್ಲ ಹೇಳಿ ಹುಡುಗಿ, ತನ್ನ ಕೌದಿಗೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವೆನೆಂದಳು. ಯಾದಗಿರಿಯಾಕೆ ದಾರವನ್ನು ಹಲ್ಲಿನಿಂದ ಕಡಿದು, ‘ಹೊಚ್ಚಿಗೊಳ್ಳಾಕಲ್ಲಂದ್ರ ಕೌದಿ ಯಾತಕ್ರಿ, ಅಮ್ಮಾರ?’ ಎಂದಳು. ಹುಡುಗಿಗೆ ಉತ್ತರ ತೋಚಲಿಲ್ಲ, ನನಗೂ ತೋಚಲಿಲ್ಲ. ಗೀಸ್ ಬೆಂಡಿನವರೂ ಸಿದ್ದಿಯವರೂ ಹೊಲಿದದ್ದು ಚಳಿಗೆ. ಗೋಡೆ ಬಂದದ್ದು ಆಮೇಲೆ. ಗೋಡೆಗೇರಿದ ಕೌದಿಯಿಂದ ಹೊಲಿದವಳ ಕೈಗೆ ನಾಲ್ಕು ಕಾಸು ಬರುವುದಾದರೆ ಬೇಡವೆನ್ನಲು ನಾನಾರು? ಆದರೆ ನಮ್ಮಂಥವರಿಗೆ ಆ ಪ್ರಶ್ನೆ ಸಲ್ಲುತ್ತದೆ. ನನ್ನ ಮನಸ್ಸು ಹೋದದ್ದು ಕಬ್ಬಿಣದ ಪೆಟ್ಟಿಗೆಯ ಕಡೆಗೆ. ಗೋಡೆಗೆ ತೂಗುಹಾಕುವುದಕ್ಕೂ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವುದಕ್ಕೂ ಅಂತರವೇನು?

ಆ ರಾತ್ರಿ ತಂದೆಯವರಿಗೆ ಹೇಳಿದೆ. ಎಂಬತ್ತೊಂದು ವರ್ಷದ ಹಿರಿಯರು. ‘ಅವಳ ಸೀರೆಗೆ ಕತ್ತರಿ ಹಾಕುತ್ತೀಯಾ?’ ಎಂದು ಕೇಳಿ ಎದ್ದು ಹೋದರು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಸೀಳಿದ ಸೀರೆಯನ್ನು ಅವರ ತೊಡೆಯ ಮೇಲಿಟ್ಟೆ. ಸೀಳನ್ನು ಬೆರಳಿನಿಂದ ಸವರಿದರು. ಇನ್ನೊಂದು ಮಡಿಕೆಯನ್ನು ಬಿಡಿಸಿದಾಗ ಅದೂ ಬಿಟ್ಟುಕೊಂಡಿತು. ‘ಹಸುರು ಸೀರೆಯೊಂದನ್ನು ಬಿಡು, ಉಳಿದದ್ದು ನಿನ್ನಿಷ್ಟ’ ಎಂದರು.

ಹಸುರು ಸೀರೆ ಪೆಟ್ಟಿಗೆಯಲ್ಲಿಯೇ ಉಳಿಯಿತು. ಉಳಿದ ಹತ್ತರಲ್ಲಿ ಗಟ್ಟಿಯಾದ ಒಂದು ತಳಕ್ಕಾಯಿತು. ತೀರ ಜೀರ್ಣವಾದ ಐದು ನಡುವಿನ ಪದರಗಳಾದುವು. ನಾಲ್ಕು ತುಂಡುಗಳಾಗಿ ಮೇಲೆ ಬಂದುವು. ಮೊದಲ ಕತ್ತರಿ ಹಾಕುವಾಗ ನನ್ನ ಕೈ ನಡುಗಿತು. ಯಾದಗಿರಿಯಾಕೆ ಕತ್ತರಿಯನ್ನು ತೆಗೆದುಕೊಳ್ಳಲಿಲ್ಲ. ಬಟ್ಟೆಯ ಆ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು, ಅಷ್ಟೆ. ಕಾಲೇಜಿನಿಂದ ಬಂದು ದಿನಕ್ಕೆ ಮೂರು ನಾಲ್ಕು ಸಾಲು ಹಾಕುತ್ತ ಹೋದೆ. ಆಷಾಢದಲ್ಲಿ ಹಿಡಿದದ್ದು ದೀಪಾವಳಿಯ ಹೊತ್ತಿಗೆ ಮುಗಿಯಲು ಬಂದಿತು. ನನ್ನ ಸಾಲು ಯಾವುದು, ಆಕೆಯ ಸಾಲು ಯಾವುದು ಎಂದು ಕುರುಡರೂ ತಡವಿ ಹೇಳಬಲ್ಲರು.

ಕೊನೆಯ ದಿನ ಕೌದಿಯನ್ನು ನಮ್ಮ ಮನೆಯ ನಡುಮನೆಯಲ್ಲಿಯೇ ಹಾಸಿದೆವು. ಒಂದು ಮೂಲೆಯಲ್ಲಿ ಅಂಗೈಯಗಲ ಬಾಯಿಯನ್ನು ಆಕೆ ಹೊಲಿಯದೆ ಬಿಟ್ಟಿದ್ದಳು. ‘ನಾಕು ಕಾಳು ಜ್ವಾಳ ಕೊಡ್ರಿ. ನಮ್ಮ ಮನ್ಯಾಗ ಕೌದಿ ಹೊಟ್ಟಿ ಖಾಲಿ ಇಟ್ಟು ಹೊಲಿಯಾಂಗಿಲ್ಲ’ ಎಂದಳು. ನಮ್ಮ ಮನೆಯಲ್ಲಿ ಜೋಳವಿರಲಿಲ್ಲ. ಅಕ್ಕಿಯಾದೀತೇ ಎಂದು ನಾನು ಕೇಳುತ್ತಿರುವಷ್ಟರಲ್ಲಿ, ಅದುವರೆಗೆ ಆ ಕಡೆ ತಿರುಗಿಯೂ ನೋಡದೆ ಪತ್ರಿಕೆ ಹಿಡಿದು ಕುಳಿತಿದ್ದ ತಂದೆಯವರು ಎದ್ದು ಅಡಿಗೆಮನೆಗೆ ಹೋದರು. ಡಬ್ಬಿಯ ಮುಚ್ಚಳದ ಸದ್ದಾಯಿತು. ಬಂದು ಅಂಗೈ ತೆರೆದರು. ರಾಗಿ! ಮಧುಗಿರಿಯ ಸೊಸೆಗೆ ಅದಕ್ಕಿಂತ ಒಗ್ಗುವ ಕಾಳು ಯಾವುದು? ಆಕೆ ಎರಡೂ ಕೈಯೊಡ್ಡಿ ಕಾಳನ್ನು ತೆಗೆದುಕೊಂಡು ಕೌದಿಯೊಳಗೆ ಹಾಕಿ, ಬಾಯಿಯನ್ನು ಹೊಲಿದು ಗಂಟು ಹಾಕಿದಳು. ಅಂದು ಚಹಾ ಮಾಡಿದವಳು ನಾನು. ಲೋಟಗಳನ್ನು ಜೋಡಿಸುವಾಗ ಎರಡು ಸಲ ನೋಡಿಕೊಂಡೆ.

ಈಗ ಆ ಕೌದಿ ತಂದೆಯವರ ಮಂಚದ ಮೇಲಿದೆ. ಬಹಳ ಭಾರವೆಂದು ಬೆಳಗಾದರೆ ದೂರುತ್ತಾರೆ. ತೆಗೆದಿಡಲೇ ಎಂದರೆ ಬೇಡವೆನ್ನುತ್ತಾರೆ. ತಿಂಗಳಿಗೊಮ್ಮೆ ಒಗೆಯುತ್ತೇನೆ, ಪ್ರತಿ ಸಲವೂ ಸ್ವಲ್ಪ ಬಣ್ಣ ಹೋಗುತ್ತದೆ. ಹೋಗಲಿ. ಇನ್ನು ಹತ್ತು ಹನ್ನೆರಡು ವರ್ಷಗಳಲ್ಲಿ ಅದೂ ಸವೆದು ಹರಿಯುತ್ತದೆ. ಆಗ ಅದು ಇನ್ನೊಂದು ಕೌದಿಯ ಒಳಪದರವಾಗುತ್ತದೆಯೆಂದು ಯಾದಗಿರಿಯಾಕೆ ಹೇಳಿದ್ದಾಳೆ. ಪೆಟ್ಟಿಗೆಯಲ್ಲಿದ್ದಿದ್ದರೆ ಆ ಭಾಗ್ಯವೂ ಇರುತ್ತಿರಲಿಲ್ಲ.