ಹೆಸರು ಬದಲಿಸಿದರೆ ಫೈಲು ಬದಲಾದೀತೆ?

“ಪಿಎನ್‌ಜಿ ಫೋಟೊದ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದು ತಿದ್ದಿದೆ. ಬ್ರೌಸರಿನಲ್ಲಿ ಸಲೀಸಾಗಿ ತೆರೆಯಿತು. ಅಂದಮೇಲೆ ಅದು ಜೆಪಿಜಿ ಆದಂತಲ್ಲವೇ?” ಎಂದು ಓದುಗರೊಬ್ಬರು ಕೇಳಿದ್ದಾರೆ. ಖಂಡಿತ ಆಗಿಲ್ಲ. ಹಾಗಾದರೆ ಬ್ರೌಸರಿನಲ್ಲಿ ತೆರೆದದ್ದು ಹೇಗೆ?

ಜಾಲತಾಣದಿಂದ ಚಿತ್ರ ಬರುವಾಗ ಅಲ್ಲಿನ ಸರ್ವರು ಫೈಲಿನ ಜೊತೆಗೆ ‘ಕಂಟೆಂಟ್ ಟೈಪ್’ ಎಂಬ ವಿವರವನ್ನೂ ಕಳಿಸುತ್ತದೆ. ಸಾಮಾನ್ಯವಾಗಿ ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ ನೋಡಿ ಬರೆದದ್ದಾದ್ದರಿಂದ ಅದು ತಪ್ಪುವುದುಂಟು. ಚಿತ್ರಗಳ ಮಟ್ಟಿಗೆ ಬ್ರೌಸರು ಅದನ್ನು ನೆಚ್ಚಿ ಕೂರದೆ ಫೈಲಿನ ಮೊದಲ ಬೈಟುಗಳನ್ನೇ ಓದಿಬಿಡುತ್ತದೆ.

ಪಿಎನ್‌ಜಿಯ ಮೊದಲ ಎಂಟು ಬೈಟುಗಳನ್ನೇ ನೋಡಿ: 137, 80, 78, 71, 13, 10, 26, 10. ಎಂಥ ಜಾಣತನ ಅಂತೀರಿ! 80, 78, 71 ಅಂದರೆ ಪಿ, ಎನ್, ಜಿ ಅಕ್ಷರಗಳು. ಹಿಂದೆ ಕೆಲವು ಸಂಪರ್ಕಗಳಲ್ಲಿ ಬೈಟಿನ ಎಂಟನೇ ಬಿಟ್ ಉದುರಿಹೋಗುತ್ತಿತ್ತು. ಹಾಗಾದರೆ 137 ಹೋಗಿ 9 ಆಗುತ್ತದೆ, ಕೆಟ್ಟದ್ದು ತಕ್ಷಣ ಗೊತ್ತಾಗುತ್ತದೆ. 13, 10 ಮತ್ತು ಕೊನೆಯ 10 ಸಾಲು ಮುರಿಯುವ ಚಿಹ್ನೆಗಳು. ಪಠ್ಯವೆಂದು ತಿಳಿದು ಯಾವುದಾದರೂ ತಂತ್ರಾಂಶ ಇವನ್ನು ‘ಸರಿಪಡಿಸಿದರೆ’ ಸಿಕ್ಕಿಬೀಳುತ್ತದೆ. ನಡುವಿನ 26 ಹಳೆಯ ಡಾಸ್ ಕಾರ್ಯಾಚರಣೆ ವ್ಯವಸ್ಥೆಯ ಕಾಲದ್ದು. ಫೈಲನ್ನು ಪರದೆಯ ಮೇಲೆ ‘ಟೈಪ್’ ಮಾಡಿದರೆ ಕಸ ಸುರಿಯದಂತೆ ಅಲ್ಲಿಗೇ ನಿಲ್ಲಿಸುತ್ತದೆ.

ಆದರೆ ಹೀಗೆ ಒಳಗನ್ನು ನೋಡಿ ಫೈಲಿನ ಬಗೆಯನ್ನು ಊಹಿಸುವುದರಿಂದ ಅಪಾಯವೂ ಇತ್ತು. ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್, ಒಳಗೆ ಎಚ್‌ಟಿಎಂಎಲ್‌ನಂಥದ್ದು ಕಂಡರೆ ಬೇರೆ ಬಗೆಯ ಫೈಲನ್ನೂ ವೆಬ್ ಪುಟವೆಂದೇ ತೆರೆಯುತ್ತಿತ್ತು. 2009ರಲ್ಲಿ ಸಂಶೋಧಕರಾದ ಆಡಂ ಬಾರ್ತ್, ಹುವಾನ್ ಕಬಯೆರೊ, ಡಾನ್ ಸಾಂಗ್ ಇದನ್ನು ತಮಾಷೆಯಾಗಿ ತೋರಿಸಿದರು: ಪೋಸ್ಟ್‌ಸ್ಕ್ರಿಪ್ಟ್ ರೂಪದ ಸಂಶೋಧನಾ ಪ್ರಬಂಧ, ವಿಮರ್ಶಕರು ತೆರೆದರೆ ಸಾಕು, ಒಳಗೆ ಅಡಗಿದ ಸ್ಕ್ರಿಪ್ಟ್ ಅವರ ಹೆಸರಿನಲ್ಲೇ ಪ್ರಬಂಧಕ್ಕೆ ವಿಮರ್ಶೆ ಸಲ್ಲಿಸಿಬಿಡುತ್ತದೆ! ಅದೇ ಹೊತ್ತಿಗೆ ಎಕ್ಸ್‌ಪ್ಲೋರರ್ 8ರಲ್ಲಿ ‘ನೋಸ್ನಿಫ್’ ಎಂಬ ಸೂಚನೆ ಬಂತು. ಸರ್ವರು ಇದನ್ನು ಕಳಿಸಿದರೆ, ಟೈಪ್ ತಪ್ಪಿದ ಸ್ಕ್ರಿಪ್ಟನ್ನು ಇಂದಿನ ಬ್ರೌಸರು ನಡೆಸುವುದೇ ಇಲ್ಲ.

ಅರ್ಜಿಗೆ ಜೆಪಿಜಿಯೇ ಬೇಕಿದ್ದರೆ ಫೋಟೊವನ್ನು ಪೇಂಟ್‌ನಲ್ಲಿ ತೆರೆದು ‘ಸೇವ್ ಆ್ಯಸ್’ ಒತ್ತಿ, ಜೆಪೆಗ್ ಆರಿಸಿ ಉಳಿಸಿಕೊಳ್ಳಿ. ಬರೀ ಹೆಸರು ತಿದ್ದಿ ಕಳಿಸಬೇಡಿ. ಫೈಲಿನ ಒಳಗನ್ನು ಪರೀಕ್ಷಿಸುವ ತಾಣ ಅದನ್ನು ಒಪ್ಪುವುದಿಲ್ಲ.